ಶೇಕಡಾ ಎಂಬತ್ತಾರು

ಹೊರಡುವಾಗ ಹೆಂಡತಿ ಹೇಳಿದ್ದು ಮೂರೇ ಮಾತು. "ಊಟ ಮಾಡಿ. ಮಲಗಿ. ಕಂಪ್ಯೂಟರ್ ಆಫ್ ಮಾಡಬೇಡಿ." ಟೈಮ್‌ಕೀಪರ್ ಮೊದಲನೆಯದನ್ನು ಮಾತ್ರ ಪಾಲಿಸಿದ.

ಅವನು ಮಲಗಲೇಬೇಕಾದ ದಿನ ಅದು. ಸಂಜೆ ಆರಕ್ಕೆ ಬಸ್ ಡಿಪೋದಲ್ಲಿ ಡ್ಯೂಟಿ. ಹೋದ ವಾರ ಕ್ಯಾಬಿನ್ನಿನಲ್ಲಿ ಕೂತಲ್ಲೇ ತೂಕಡಿಸಿ ಒಂದೇ ರೂಟಿಗೆ ಎರಡು ಬಸ್ಸು ಬಿಟ್ಟಿದ್ದ. ಅವು ಜಾತ್ರೆಯಲ್ಲಿ ಕೈ ಹಿಡಿದ ಅಣ್ಣತಮ್ಮಂದಿರ ಹಾಗೆ ಊರೆಲ್ಲ ಒಟ್ಟಿಗೇ ಸುತ್ತಿ ಬಂದವು. ಇನ್ನೊಂದು ಸಲ ಕಣ್ಣು ಮುಚ್ಚಿದರೆ ಹಳೇ ಟೈರಿನ ಗೋಡೌನಿಗೆ ಹಾಕುತ್ತೇನೆ, ಅಲ್ಲಿ ಬೇಕಾದಷ್ಟು ಮಲಗಿ ಎಂದು ಮ್ಯಾನೇಜರ್ ಹೇಳಿದ್ದರು. ಇಪ್ಪತ್ತೆಂಟು ವರ್ಷ ಬಸ್ಸುಗಳಿಗೆ ಹೊರಡು ಎಂದವನು, ಎಲ್ಲಿಗೂ ಹೊರಡದ ಟೈರುಗಳನ್ನು ಕಾಯಬೇಕು.

ಊಟ ಮುಗಿಸಿ ಚಾಪೆ ಹಾಸಿದ. ಮೂಲೆಯಲ್ಲಿ ಹೆಂಡತಿಯ ಹಳೇ ಕಂಪ್ಯೂಟರು ಗುರ್ ಎನ್ನುತ್ತಿತ್ತು. ಕಸೂತಿ ಮೆಷಿನ್ನಿಗೆ ಬೇಕಾದ ಡಿಸೈನುಗಳನ್ನು ಅವಳು ಅದರಲ್ಲೇ ಬಿಡಿಸುತ್ತಿದ್ದಳು. ಮೂರು ವಾರದಿಂದ ಒಂದು ಹೋಟೆಲ್ಲಿನ ಪರದೆಗಳಿಗೆ ಮಲ್ಲಿಗೆ ಬಳ್ಳಿ ಬಿಡಿಸಿದ್ದಳು. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಈಗ ಕಂಪ್ಯೂಟರಿನ ಪರದೆಯ ಮೇಲೆ ಏನೂ ತೆರೆದಿರಲಿಲ್ಲ. ಆದರೂ ಒಳಗೆ ಫ್ಯಾನು ಓಡುತ್ತಲೇ ಇತ್ತು.

ಐದು ನಿಮಿಷಕ್ಕಿಂತ ಹೆಚ್ಚು ನಿಂತ ಬಸ್ಸಿನ ಇಂಜಿನ್ ಓಡುತ್ತಿದ್ದರೆ ಡ್ರೈವರಿಗೆ ಮೆಮೊ, ಇದು ಡಿಪೋದ ನಿಯಮ. ಟೈಮ್‌ಕೀಪರ್ ಗಡಿಯಾರ ನೋಡಿದ. ಹೆಂಡತಿ ಹೋಗಿ ಒಂದೂವರೆ ಗಂಟೆಯಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಔಷಧಿ ಅಂಗಡಿಯವನು ಏಣಿ ವಾಪಸ್ ಕೊಡಲು ಬಂದ. ಅಂಗಡಿಯಲ್ಲಿ ಬಿಲ್ಲು ಹೊಡೆದೂ ಹೊಡೆದೂ ಕಂಪ್ಯೂಟರಿನ ಕಾಯಿಲೆಗಳೂ ತನಗೆ ಗೊತ್ತೆಂದು ಅವನ ನಂಬಿಕೆ. ಮೂರು ಗುಂಡಿ ಒಟ್ಟಿಗೆ ಒತ್ತಿ ಒಂದು ಪಟ್ಟಿ ತೆರೆದ. ಮೇಲೆ ಮೆಮೊರಿ, ಶೇಕಡಾ ಎಂಬತ್ತಾರು ಎಂದಿತ್ತು.

"ಅಣ್ಣಾ, ಸುಮ್ನೆ ಕೂತಿರೋದಕ್ಕೇ ಎಂಬತ್ತಾರು," ಎಂದ, ಬಿಪಿ ಅಳೆದವನ ದನಿಯಲ್ಲಿ. "ಇದು ಒಳ್ಳೇದಲ್ಲ."

ಪಟ್ಟಿಯಲ್ಲಿ ಎಪ್ಪತ್ತೆಂಬತ್ತು ಹೆಸರುಗಳಿದ್ದವು, ಹಾಜರಿ ಹಾಕಿ ಕ್ಯಾಂಟೀನಿನಲ್ಲಿ ಕೂತ ಕಂಡಕ್ಟರುಗಳ ಹಾಗೆ. ಟೈಮ್‌ಕೀಪರನ ರಕ್ತ ಕುದಿಯಿತು. ಮೊದಲ ಹೆಸರಿನ ಮೇಲೆ ಬೆರಳಿಟ್ಟು ಇವನ ಕೆಲಸವೇನು ಎಂದು ಕೇಳಿದ. ಔಷಧಿಯವನಿಗೆ ಗೊತ್ತಿರಲಿಲ್ಲ.

"ಕೆಲಸ ಏನಂತ ಗೊತ್ತಿಲ್ದೋನಿಗೆ ಡ್ಯೂಟಿ ಯಾಕೆ? ಇಳಿಸು."

ಆರು ಜನರನ್ನು ಇಳಿಸಿದರು. ಏಳನೆಯವನು ಡ್ರೈವರೇ ಆಗಿದ್ದನೆಂದು ಕಾಣುತ್ತದೆ. ಪರದೆ ಒಮ್ಮೆ ನೀಲಿಯಾಗಿ, ಕಪ್ಪಾಗಿ, ಫ್ಯಾನು ನಿಂತಿತು. ಮನೆ ಮುಷ್ಕರದ ದಿನದ ಡಿಪೋ ಆಯಿತು.

ಗಾಬರಿಯಲ್ಲಿ ಔಷಧಿಯವನು ಗುಂಡಿ ಒತ್ತಿದ. ಜೀವ ಬಂತು, ಆದರೆ ಒಂದು ಚಕ್ರ ಸುತ್ತತೊಡಗಿತು. ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂಬ ಸೂಚನೆ ಬಂತು. ಹೆಂಡತಿಯ ಮಾತನ್ನು ಅದೂ ಬಾಯಿಪಾಠ ಮಾಡಿತ್ತು. ಇಬ್ಬರೂ ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ ಮುಕ್ಕಾಲು ಗಂಟೆ ಕೂತರು. ಕೊನೆಗೆ ಪರದೆ ಬೆಳಗಿತು. ಮೆಮೊರಿ, ಶೇಕಡಾ ಮೂವತ್ತೊಂದು.

ಔಷಧಿಯವನು ಕೈ ಕುಲುಕಿದ. ಟೈಮ್‌ಕೀಪರ್ ಎದೆ ಸೆಟೆಸಿದ. ಗಲಾಟೆ ಕೇಳಿ ಇಳಿದು ಬಂದಿದ್ದ ಮಹಡಿ ಮನೆ ಅಜ್ಜಿಗೆ, ಎಂಬತ್ತಾರನ್ನು ಮೂವತ್ತೊಂದಕ್ಕೆ ಇಳಿಸಿದ ಕತೆಯನ್ನು ಇಬ್ಬರೂ ಪೈಪೋಟಿಯಲ್ಲಿ ಹೇಳಿದರು.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. "ಅಲ್ಲಪ್ಪಾ, ಮಿಕ್ಕಿದ್ದು ಐವತ್ತೈದು ಎಲ್ಲಿ ಹೋಯ್ತು?"

ಟೈಮ್‌ಕೀಪರನ ಎದೆ ಇದ್ದಲ್ಲೇ ಇಳಿಯಿತು. ಒಳಗೆ ತುಂಬಿದ್ದದ್ದು ಇನ್ನೇನು? ಮಲ್ಲಿಗೆ ಬಳ್ಳಿ. ಮೂರು ವಾರ ಹೆಂಡತಿ ಬೆನ್ನು ಬಾಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಹಾಕಿದ ಒಂದೊಂದು ಹೊಲಿಗೆ. ಅದರಲ್ಲಿ ಐವತ್ತೈದು ಪಾಲನ್ನು ಅವನೇ ಸೀಟಿ ಊದಿ ಇಳಿಸಿದ್ದ. ಅವಳು ಡಿಸೈನುಗಳನ್ನು ಎಲ್ಲಿಡುತ್ತಾಳೆ, ಹೇಗೆ ತೆರೆಯುತ್ತಾಳೆ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಔಷಧಿಯವನಿಗೆ ತಟ್ಟನೆ ಅಂಗಡಿ ನೆನಪಾಯಿತು, ಹೋದ.

ಅಜ್ಜಿ ಮಾತ್ರ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು ಬಳ್ಳಿಯ ಸಂಗತಿ ಕೇಳಿದಳು. ಸ್ವಲ್ಪ ಹೊತ್ತಿಗೆ ಅವಳೇ, "ನೋಡು, ಮೂವತ್ನಾಲ್ಕು ಆಯ್ತು," ಎಂದಳು.

ನಿಜ. ಯಾರೂ ಮುಟ್ಟದೆ ಅಂಕಿ ಏರುತ್ತಿತ್ತು. ನಲವತ್ತು. ನಲವತ್ತಾರು. ಮಧ್ಯಾಹ್ನ ಎಂಬತ್ತಾರು ಎಂದು ಹಲ್ಲು ಕಡಿದವನು ಈಗ ಒಂದೊಂದು ಅಂಕಿಗೂ ಕೈ ಮುಗಿಯುತ್ತಿದ್ದ. ಐವತ್ತೆಂಟಾದಾಗ ಅಜ್ಜಿ, ಹೂವೆಲ್ಲ ಬಂದಿರಬೇಕು, ಇನ್ನು ಎಲೆ ಬರುತ್ತವೆ, ಸ್ವಲ್ಪ ಮಲಗು ಎಂದಳು. ಅವನು ರೆಪ್ಪೆಯನ್ನೂ ಬಡಿಯಲಿಲ್ಲ.

ಐದು ಗಂಟೆಗೆ ಹೆಂಡತಿ ಬಂದಾಗ ಎಪ್ಪತ್ತೊಂದಾಗಿತ್ತು. ಅವಳು ಚಪ್ಪಲಿ ಬಿಡುವ ಮೊದಲೇ ಟೈಮ್‌ಕೀಪರ್ ಎಲ್ಲವನ್ನೂ ಒಪ್ಪಿಕೊಂಡ. "ಇನ್ನೂ ಹದಿನೈದು ಬಂದಿಲ್ಲ ಕಣೇ. ಎಷ್ಟು ಹೂವು ಹೋಗಿದ್ಯೋ ಗೊತ್ತಿಲ್ಲ."

ಹೆಂಡತಿ ಚೀಲದಿಂದ ಹೆಬ್ಬೆರಳುದ್ದದ ಪೆನ್‌ಡ್ರೈವ್ ತೆಗೆದು ಅವನ ಅಂಗೈಯಲ್ಲಿಟ್ಟಳು. ಬಳ್ಳಿಯನ್ನು ಅದರಲ್ಲಿ ಹಾಕಿಕೊಂಡು ಹೋಗಿ ಹೋಟೆಲ್ಲಿನವರಿಗೆ ಕೊಟ್ಟೇ ಬಂದಿದ್ದಳು. ಅವರಿಗೆ ಹಿಡಿಸಿತ್ತು. ಡಿಸೈನುಗಳು ಇರುವ ಜಾಗವೇ ಬೇರೆ, ಆ ಅಂಕಿಗೂ ಅವಕ್ಕೂ ಸಂಬಂಧವಿಲ್ಲ ಎಂದಳು.

"ಮತ್ತೆ ಸುಮ್ನೆ ಕೂತು ಎಂಬತ್ತಾರು ತಿಂತಿತ್ತಲ್ಲ?"

"ತಿನ್ನಲ್ಲ ರೀ. ಜಾಗ ಖಾಲಿ ಇದೆಯಲ್ಲಾ ಅಂತ, ನಾನು ದಿನಾ ತೆಗೆಯೋದನ್ನೆಲ್ಲ ಮೊದ್ಲೇ ತಂದು ಕೈಗೆ ಸಿಗೋ ಹಾಗೆ ಇಟ್ಕೊಂಡಿರುತ್ತೆ. ಬೇರೆ ಕೆಲಸ ಬಂದ್ರೆ ಜಾಗ ಬಿಡುತ್ತೆ. ನಾನು ಬರೋ ಹೊತ್ತಿಗೆ ನೀವು ನೀರು ಕಾಯಿಸಿಟ್ಟು ಬಾಗಿಲ ಹತ್ರ ಕೂತಿರ್ತೀರಲ್ಲ, ಹಾಗೆ."

ಟೈಮ್‌ಕೀಪರ್ ಒಲೆಯ ಕಡೆ ನೋಡಿದ. ಇವತ್ತು ನೀರೂ ಇಟ್ಟಿರಲಿಲ್ಲ.

"ಹಾಗಾದ್ರೆ ಆಫ್ ಮಾಡಬೇಡಿ ಅಂದಿದ್ದು ಯಾಕೆ?"

ಹೆಂಡತಿ ತಲೆಯಿಡದೇ ಇದ್ದ ದಿಂಬನ್ನು, ಅವನ ಕೆಂಪು ಕಣ್ಣುಗಳನ್ನು ನೋಡಿದಳು. "ಇಪ್ಪತ್ತೆಂಟು ವರ್ಷ ಇಂಜಿನ್ ಸದ್ದಲ್ಲಿ ಕೂತು ನಿಮಗೆ ನಿಶ್ಶಬ್ದದಲ್ಲಿ ನಿದ್ದೆ ಬರಲ್ಲ. ಅದರ ಫ್ಯಾನು ತಿರುಗ್ತಿದ್ರೆ ಐದೇ ನಿಮಿಷಕ್ಕೆ ಗೊರಕೆ ಹೊಡೀತೀರ. ಮಲಗ್ಲಿ ಅಂತ ಬಿಟ್ಟುಹೋದೆ. ಮಲಗಿದ್ರಾ?"

ಆರಕ್ಕೆ ಐದು ನಿಮಿಷವಿರುವಾಗ ಟೈಮ್‌ಕೀಪರ್ ಕ್ಯಾಬಿನ್ನಿನಲ್ಲಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಕೊಟ್ಟ ಚಹಾದ ಫ್ಲಾಸ್ಕು. ಅಂಗಳದಲ್ಲಿ ಒಂಬತ್ತು ಬಸ್ಸುಗಳು ನಿಂತಲ್ಲೇ ಗುರ್ ಎನ್ನುತ್ತಿದ್ದವು. ಇನ್ನೊಂದು ದಿನವಾಗಿದ್ದರೆ ಒಂಬತ್ತು ಮೆಮೊ. ಇವತ್ತೂ ಮೆಮೊ ಪುಸ್ತಕ ತೆಗೆದ, ಮೊದಲ ಬಸ್ಸಿನ ನಂಬರನ್ನು ಅರ್ಧ ಬರೆದ. ಪೆನ್ನು ಅಲ್ಲಿಂದ ಬಳ್ಳಿಯ ಹಾಗೆ ಬಾಗಿ ಪುಟದಿಂದಾಚೆ ಇಳಿಯಿತು.

ಮ್ಯಾನೇಜರರ ಜೀಪು ಬಂದು ಕ್ಯಾಬಿನ್ನಿನ ಮುಂದೆಯೇ ನಿಂತಿತು. ಅವರು ಕಿಟಕಿಯಲ್ಲಿ ಬಗ್ಗಿ ನೋಡಿದರು. ಒಳಗಿನ ಗೊರಕೆ ಸರಿಯಾಗಿ ಕೇಳಲೆಂದು, ಇಂಜಿನ್ ನಿಲ್ಲಿಸುವಂತೆ ಡ್ರೈವರಿಗೆ ಹೇಳಿದರು.

ಟೈಮ್‌ಕೀಪರ್ ಮೆಮೊ ಪುಸ್ತಕದ ಮೇಲೆ ಕೆನ್ನೆ ಹೊರಳಿಸಿ, ಕಣ್ಣು ಮುಚ್ಚಿಕೊಂಡೇ, ಮೆಲ್ಲಗೆ ಗೊಣಗಿದ.

"ಆಫ್ ಮಾಡಬೇಡಿ."