ಶಿವಬಸವ್ವನ ಕರೆನ್ಸಿ, ಶಶಿಕುಮಾರನ ಕುರ್ಚಿ

ಗೋಪನಕೊಪ್ಪದ ಬಾವಿ ಓಣಿಯ ಸಮಸ್ತ ನಾಗರಿಕರಿಗೆ ಅತೀವ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಸೋಮವಾರ ಬೆಳಗಿನ ಚಹಾದ ಹೊತ್ತಿಗೆ ಶಿವಬಸವ್ವನ ಮೊಬೈಲಿನ ಕರೆನ್ಸಿ ತೀರಿಕೊಂಡಿತು. ಹೊರಹೋಗುವ ಕರೆಗಳು ಹಿಂದೆಯೇ ಹೋಗಿಬಿಟ್ಟಿದ್ದವು. ಒಳಬರುವ ಮೆಸೇಜುಗಳು ಅಂದು ಕಣ್ಣು ಮುಚ್ಚಿದವು.

ಬೇರೆ ಓಣಿಯವರಿಗೆ ಇದು ಸುದ್ದಿಯೇ ಅಲ್ಲ. ಬಾವಿ ಓಣಿಯ ಕತೆ ಬೇರೆ. ವರ್ಷಗಳ ಹಿಂದೆ ಅಲ್ಲಿನ ಶಾಲೆಯಲ್ಲಿ ಆಧಾರ್ ಶಿಬಿರ ನಡೆದಾಗ ಮೊಬೈಲ್ ನಂಬರ್ ಕೊಡಿ ಎಂದಿದ್ದರು. ಆಗಿನ ಕಾಲಕ್ಕೆ ಓಣಿಯ ಜನ ಅಂಗಿ ಬದಲಿಸಿದಂತೆ ಸಿಮ್ ಬದಲಿಸುತ್ತಿದ್ದರು. ಯಾವ ಕಂಪನಿ ಪುಕ್ಕಟೆ ಮಾತು ಕೊಡುತ್ತದೋ ಅದರ ಸಿಮ್ಮು. ನಂಬರ್ ಬದಲಿಸದೆ ಉಳಿದವಳು ಶಿವಬಸವ್ವ ಒಬ್ಬಳೇ, ಅದೂ ಬದಲಿಸುವುದು ಹೇಗೆಂದು ಗೊತ್ತಿಲ್ಲದ್ದಕ್ಕೆ. ಸಾಲಿನಲ್ಲಿ ಮುಂದೆ ನಿಂತವನು ಅವಳ ನಂಬರ್ ಕೊಟ್ಟ. ಹಿಂದಿನವರು ಅವನನ್ನು ನೋಡಿ ಕೊಟ್ಟರು. ಅಂದಿನಿಂದ ಸರಕಾರ ಈ ಓಣಿಯ ಯಾರೊಂದಿಗೆ ಗುಟ್ಟಿನ ಮಾತಾಡಬೇಕಾದರೂ ಮೊದಲು ಶಿವಬಸವ್ವನ ಕಿವಿಯಲ್ಲಿ ಹೇಳಬೇಕು. ಒಟಿಪಿ ಬೇಕಾದವರು ಅವಳ ಮನೆಯ ಕಟ್ಟೆ ಏರಿ, "ಯಾಕ ಬೇಕು?" ಎಂಬ ಒಂದೇ ಪ್ರಶ್ನೆಯ ಪರೀಕ್ಷೆ ಪಾಸಾಗಬೇಕು. ಉತ್ತರ ರುಚಿಯಾಗಿದ್ದರೆ ಆರು ಅಂಕಿ ಲಗೂ ಸಿಗುತ್ತಿದ್ದವು. ಸಪ್ಪೆಯಾಗಿದ್ದರೆ ಅವಳಿಗೆ ಕನ್ನಡಕವೇ ಸಿಗುತ್ತಿರಲಿಲ್ಲ.

ಅಂದು ಆ ಕಟ್ಟೆಯನ್ನು ದೂರದಿಂದಲೇ ನೋಡಿ ಬೆವರುತ್ತಿದ್ದವನು ಎದುರು ಮನೆಯ ಶಶಿಕುಮಾರ. ಧಾರವಾಡದ ಕಾಲೇಜೊಂದರಲ್ಲಿ ಗುಮಾಸ್ತ. ಅವನ ಆಸೆ ಒಂದೇ, ಒಂದು ಕುರ್ಚಿ. ರಾಜಕಾರಣಿಗಳು ಹಂಬಲಿಸುವಂಥದ್ದಲ್ಲ. ಕೂತು ಒರಗಿದರೆ ತಾನೂ ಹಿಂದಕ್ಕೆ ವಾಲಿ, ಕಾಲಿಗೆ ಮೆತ್ತನೆಯ ಹಲಗೆ ಮುಂದೆ ಮಾಡಿ ಸೇವೆ ಮಾಡುವ ಕುರ್ಚಿ. ಮನೆಯಲ್ಲಿ ಸೋಫಾದ ಮೇಲೆ ಹೆಂಡತಿ ನೀಲಾಳ ಶಾಲೆಯ ಉತ್ತರಪತ್ರಿಕೆಗಳು ಕೂತಿದ್ದವು. ಮಂಚದ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಮಲಗಿತ್ತು. ಅವನು ಎಲ್ಲಿ ಕೂತರೂ ಅಲ್ಲಿಗೆ ನೀಲಾಳ ಪೊರಕೆಯೋ ಪುಸ್ತಕವೋ ಬಂದು ಅವನನ್ನು ಎಬ್ಬಿಸುತ್ತಿತ್ತು. ಸಂಬಳದ ಹಣದಲ್ಲಿ ಕೊಳ್ಳೋಣವೆಂದರೆ ಅದು ನೀಲಾಳ ಲೆಕ್ಕಕ್ಕೆ ಹೋಗುತ್ತಿತ್ತು. ಬ್ಯಾಂಕಿನ ಪಾಸ್‌ವರ್ಡ್ ಗೊತ್ತಿದ್ದದ್ದೂ ಅವಳೊಬ್ಬಳಿಗೇ. ಹಿಂದೊಮ್ಮೆ ಬಂದ ಹೆಚ್ಚುವರಿ ಹಣ ನೀರಿನ ಟಾಕಿಯಾಗಿ ಮಾಳಿಗೆ ಏರಿತ್ತು. ಟಾಕಿಗೂ ಕೂರಲು ಸ್ವಂತ ಜಾಗ ಸಿಕ್ಕಿತ್ತು, ಅವನಿಗೆ ಸಿಕ್ಕಿರಲಿಲ್ಲ.

ಈ ವರ್ಷ ಕಾಗದಪತ್ರ ಕೊಡುವುದು ತಡವಾಗಿ, ಕಾಲೇಜಿನವರು ಅವನ ಸಂಬಳದಲ್ಲಿ ತೆರಿಗೆ ಜಾಸ್ತಿ ಮುರಿದುಕೊಂಡಿದ್ದರು. ಅದು ರಿಫಂಡ್ ಆಗಿ ವಾಪಸು ಬರಬೇಕಿತ್ತು. ಸರಿಯಾಗಿ ಕುರ್ಚಿಯಷ್ಟೇ ಹಣ. ನೀಲಾಳಿಗೆ ಗೊತ್ತಾಗದಂತೆ ಹೊಸ ಖಾತೆ ತೆರೆದು, ರಿಟರ್ನ್ ಅನ್ನು ಕಡೆಯ ದಿನ ಸಲ್ಲಿಸಿದ್ದ. ಕುರ್ಚಿ ಬಂದ ಮೇಲೆ, ಸೇವೆ ಮೆಚ್ಚಿ ಕಾಲೇಜಿನವರು ಕೊಟ್ಟರು ಎಂದು ಹೇಳುವುದೂ ನಿಕ್ಕಿಯಾಗಿತ್ತು. ಉಳಿದದ್ದು ಒಂದೇ ಕೆಲಸ, ಆಧಾರ್ ಒಟಿಪಿ ಹಾಕಿ ರಿಟರ್ನನ್ನು ದೃಢೀಕರಿಸುವುದು. ಅದಕ್ಕೆ ಮೂವತ್ತು ದಿನ ಕೊಟ್ಟಿದ್ದರು. ಶಿವಬಸವ್ವನ ಪ್ರಶ್ನೆಗೆ ಹೆದರಿ, ನಾಳೆ ನಾಳೆ ಎನ್ನುತ್ತ ಇಪ್ಪತ್ತೊಂಬತ್ತು ಕಳೆದಿದ್ದ.

ರಿಟರ್ನ್ ತುಂಬಿಕೊಟ್ಟಿದ್ದ ಆನ್‌ಲೈನ್ ಸೆಂಟರಿನ ಹುಸೇನಬಾಷಾ ಭಾನುವಾರವೇ ಫೋನ್ ಮಾಡಿ ಎಚ್ಚರಿಸಿದ್ದ. "ಸರ್ರ, ನಾಳೆ ತಪ್ಪಿತಂದ್ರ ರಿಟರ್ನ್ ತಡಾ ಆದ ಲೆಕ್ಕಕ್ಕ ಹೋಗತೈತ್ರಿ. ತಡಾ ಆದವ್ರಿಗೆ ತೆರಿಗಿ ಹಳೇ ಪದ್ಧತಿ ಇಲ್ಲ, ವಿಮಾ, ಮನಿಸಾಲ ಯಾವ ವಿನಾಯ್ತಿನೂ ಇಲ್ಲ. ರಿಫಂಡ್ ಹೋಗತೈತಿ, ಮ್ಯಾಲ ಐದು ಸಾವಿರ ದಂಡ ಬೀಳತೈತಿ."

ಅದೃಷ್ಟಕ್ಕೆ ಸೋಮವಾರ ನೀಲಾ ತರಬೇತಿಗೆಂದು ಧಾರವಾಡಕ್ಕೆ ಹೊರಟಿದ್ದಳು. ಎಂಥ ತರಬೇತಿ ಎಂದು ಅವಳು ಎರಡು ಸಲ ವಿವರಿಸಿದ್ದಳು. ಅವನ ಕಿವಿಗೆ ಬಿದ್ದದ್ದು "ಬರೂದು ಸಂಜೀಕ" ಎಂಬುದಷ್ಟೇ. ಅವಳು ಧಾರವಾಡದ ಚಿಗರಿ ಬಸ್ ಹತ್ತಿದ್ದನ್ನು ಕಣ್ಣಾರೆ ಕಂಡು, ಕಾಲೇಜಿಗೆ ರಜೆ ಹೇಳಿ, ಅವನು ಒಂದು ಮಹಾಯೋಜನೆ ಹಾಕಿದ. ಶಿವಬಸವ್ವನ ಫೋನಿಗೆ ಕರೆನ್ಸಿ ಹಾಕಿಸುವುದೆಂದರೆ ಕೈಯಾರೆ ಡಂಗುರ ಬಾರಿಸಿದಂತೆ. ಅದರ ಬದಲು ಆಧಾರ್ ಕೇಂದ್ರಕ್ಕೆ ಹೋಗಿ ತನ್ನ ಸ್ವಂತ ನಂಬರನ್ನೇ ಜೋಡಿಸಿಬಿಟ್ಟರೆ? ಓಣಿಯಲ್ಲಿ ಅಷ್ಟು ಧೈರ್ಯವನ್ನು ಈವರೆಗೆ ಯಾರೂ ಮಾಡಿರಲಿಲ್ಲ.

ಕೇಂದ್ರದ ಸಾಲು ಹನುಮಂತನ ಬಾಲದಂತಿತ್ತು. ಬೇಸರ ಕಳೆಯಲು ಫೋನಿನಲ್ಲಿ ಕುರ್ಚಿಯ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ತಾನೂ ಹಿಗ್ಗುತ್ತ ನಿಂತಿದ್ದಾಗ, ಹಿಂದಿನಿಂದ ಯಾರೋ ಅವನ ಹೆಗಲ ಮೇಲೆ ಗದ್ದ ಇಟ್ಟು ಫೋಟೋ ನೋಡತೊಡಗಿದರು. ಮಹಾಂತಯ್ಯ ಕಾಕಾ. ಕಾಳಿನ ವ್ಯಾಪಾರ ಮಕ್ಕಳಿಗೆ ಬಿಟ್ಟ ಮೇಲೆ, ಊರವರ ಕೆಲಸಗಳನ್ನು ಸಗಟಾಗಿ ವಿಚಾರಿಸುವುದೇ ಅವರ ಉದ್ಯೋಗವಾಗಿತ್ತು.

"ಏನೋ ಶಶಿ, ಕುರ್ಚಿಗೂ ಆಧಾರ್ ಬೇಕೇನು ಈಗ?"

ವಿಳಾಸ ತಿದ್ದಿಸಲು ಬಂದಿದ್ದೇನೆ ಎಂದ ಶಶಿಕುಮಾರ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದೀಯಲ್ಲ, ಏನು ತಿದ್ದಿಸುತ್ತೀ ಎಂದರು ಕಾಕಾ. ಒಂದು ಸುಳ್ಳಿಗೆ ಇನ್ನೊಂದನ್ನು ಆನಿಸಿ, ಅದಕ್ಕೆ ಮೂರನೆಯದರ ಕಂಬ ಕೊಟ್ಟು, ಸಾಲು ಮುಂದೆ ಸರಿಯುವಷ್ಟರಲ್ಲಿ ಇಡೀ ಚಪ್ಪರ ಅವನ ತಲೆಯ ಮೇಲೇ ಕುಸಿಯಿತು. ರಿಫಂಡ್, ಹೊಸ ಖಾತೆ, ಕುರ್ಚಿ ಎಲ್ಲ ಹೊರಬಿದ್ದವು. ಯಾರಿಗೂ ಹೇಳುವುದಿಲ್ಲ ಎಂದು ಕಾಕಾ ಎದೆ ಮುಟ್ಟಿಕೊಂಡು ಹೇಳಿದರು. ಹೇಳಿದ ಕೂಡಲೇ ತಾವು ಬಂದ ಕೆಲಸವನ್ನೂ ಮರೆತು ಓಣಿಯ ಕಡೆ ಹೊರಟೇಬಿಟ್ಟರು.

ಅವನ ಸರದಿ ಬಂತು. ಬೆರಳು ಒತ್ತಿಸಿಕೊಂಡು, ಹೊಸ ನಂಬರ್ ಬರೆದುಕೊಂಡು, ಗಾಜಿನ ಹಿಂದಿನ ಹುಡುಗಿ ಚೀಟಿ ಕೊಟ್ಟಳು. ಯಾವಾಗ ಬದಲಾಗುತ್ತದೆ ಎಂದು ಅವನು ಕೇಳಿದ. "ಹೇಳಾಕ ಬರೂದಿಲ್ರಿ. ಒಬ್ಬೊಬ್ಬರದು ತಿಂಗಳ ಆಗತೈತಿ" ಎಂದು ಅವಳು ಮುಂದಿನವರನ್ನು ಕರೆದಳು. ತಿಂಗಳು ಎಂಬ ಮಾತು ಕೇಳಿದ್ದೇ ತಡ ಶಶಿಕುಮಾರನ ಮುಖ ಬಾಡಿತು. ಫೋನೂ ಅದೇ ಹೊತ್ತಿಗೆ ಬ್ಯಾಟರಿ ಖಾಲಿಯಾಗಿ ಕಪ್ಪಾಯಿತು.

ಮನೆಗೆ ಬಂದು ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಚ್ಚಿ, ಚಾಲೂ ಮಾಡಿಟ್ಟು ಹೊರಗೆ ಬಂದರೆ, ಶಿವಬಸವ್ವ ಕಟ್ಟೆಯ ಮೇಲೆ ನ್ಯಾಯಾಧೀಶೆಯಂತೆ ಕೂತಿದ್ದಳು. ಪಕ್ಕದಲ್ಲಿ ಮಹಾಂತಯ್ಯ ಕಾಕಾ ಬೀಗರ ಮನೆಗೆ ಬಂದವರಂತೆ ಚಹಾ ಕುಡಿಯುತ್ತಿದ್ದರು.

"ಬಾ ತಮ್ಮಾ. ನನ್ನ ನಂಬರ್ ಬ್ಯಾಡಾಗೈತಂತ ನಿನಗ?"

"ಹಂಗಲ್ಲ ಆಯಿ. ನಿಮಗ ಯಾಕ ತ್ರಾಸು ಅಂತ…"

"ಇಷ್ಟ್ ವರ್ಷ ಓಣಿಯವ್ರ ಗ್ಯಾಸು, ಪಿಂಚಣಿ, ಸಾಲ ಎಲ್ಲಾ ನನ್ನ ಫೋನಿನ್ಯಾಗ ಹಾದು ಹೋಗ್ಯಾವು. ಯಾರ ಗುಟ್ಟರ ಹೊರಗ ಬಿದ್ದೈತೇನು?"

ಎಲ್ಲರ ಗುಟ್ಟೂ ಬಿದ್ದಿತ್ತು. ಅವನು ಇಲ್ಲ ಎಂದು ತಲೆ ಆಡಿಸಿದ.

ಮುಂದಿನದು ಚೌಕಾಸಿ. ಅವಳ ಫೋನಿಗೆ ಕರೆನ್ಸಿ ಹಾಕಿಸಬೇಕು. ತಿಂಗಳಿನದಲ್ಲ, ಪೂರಾ ವರ್ಷದ್ದು. ಅವನು ಓಣಿಯ ಅಂಗಡಿಗೆ ಓಡಿ ಹಾಕಿಸಿದ. ಆಮೇಲೆ ಕುರ್ಚಿಯ ಮಾತು ಬಂತು. ಮಧ್ಯಾಹ್ನ ನೀಲಾ ಶಾಲೆಯಲ್ಲಿರುವಾಗ, ಅವನು ಧಾರವಾಡದಲ್ಲಿರುವಾಗ ಆ ಕುರ್ಚಿ ಸುಮ್ಮನೆ ಖಾಲಿ ಬೀಳುತ್ತದಲ್ಲ, ಅಷ್ಟು ಹೊತ್ತು ತನ್ನ ಮೊಣಕಾಲು ಅದರ ಮೇಲೆ ಚಾಚಬೇಕೆಂದಳು ಶಿವಬಸವ್ವ. ಹಾಗಾದರೆ ಮುಂಜಾನೆ ಪೇಪರ್ ಓದುವ ಹೊತ್ತು ನನ್ನದು ಎಂದರು ಕಾಕಾ. ಇನ್ನೂ ಅಂಗಡಿಯಿಂದಲೇ ಹೊರಡದ ಕುರ್ಚಿಗೆ ಸಮ್ಮಿಶ್ರ ಸರಕಾರ ರಚನೆಯಾಯಿತು. ಶಶಿಕುಮಾರನ ಪಾಲಿಗೆ ಭಾನುವಾರದ ಸಂಜೆಗಳು ಉಳಿದವು. ಅದಕ್ಕೂ ಅವನು ಹೂಂ ಎಂದ. ಹೊತ್ತು ಇಳಿಯುತ್ತಿತ್ತು, ನೀಲಾ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು.

ಕಾಕಾ ತಮ್ಮ ಫೋನಿನಿಂದ ಕರೆದದ್ದಕ್ಕೆ ಹುಸೇನಬಾಷಾ ಲ್ಯಾಪ್‌ಟಾಪ್ ಹಿಡಿದುಕೊಂಡು ಕಟ್ಟೆಗೇ ಬಂದ. ನಾಲ್ವರೂ ಶಶಿಕುಮಾರನ ಮನೆಗೆ ಬೆನ್ನು ಮಾಡಿ ಕೂತರು. ನಡುವೆ ಶಿವಬಸವ್ವನ ಫೋನನ್ನು ಒಂದು ತಟ್ಟೆಯಲ್ಲಿ ಇಟ್ಟಿದ್ದರು. ಊದಿನಕಡ್ಡಿ ಒಂದು ಕಡಿಮೆ.

"ಮೂರ ಸಲ ಅಷ್ಟ ಕಳಿಸಾಕ ಬರತೈತ್ರಿ ಸರ್ರ, ನೆನಪಿಡ್ರಿ" ಎನ್ನುತ್ತ ಹುಸೇನಬಾಷಾ ಗುಂಡಿ ಒತ್ತಿದ.

ಫೋನ್ ಸುಮ್ಮನಿತ್ತು. ರೇಂಜ್ ಇಲ್ಲ ಎಂದರು ಕಾಕಾ. ಫೋನನ್ನು ಎತ್ತಿ ಉಣಕಲ್ ಕಡೆಗೆ ತೋರಿಸಿದರು, ಅಮರಗೋಳದ ಕಡೆಗೆ ತೋರಿಸಿದರು. ಹದಿನೈದು ನಿಮಿಷ ಕಾದರು. ಎರಡನೆಯ ಸಲ ಒತ್ತಿದ್ದಾಯಿತು. ಫೋನ್ ಗುಂಯ್ ಎಂದಿತು. ನಾಲ್ಕೂ ತಲೆ ಒಂದಕ್ಕೊಂದು ಢಿಕ್ಕಿ ಹೊಡೆದವು. ಕರೆನ್ಸಿ ಹಾಕಿಸಿದ್ದಕ್ಕೆ ಕಂಪನಿಯವರು ಧನ್ಯವಾದ ಹೇಳಿದ್ದರು. ಫೋನ್ ಬಂದ್ ಮಾಡಿ ಚಾಲೂ ಮಾಡಿದರು. ಸಿಮ್ ತೆಗೆದು ಶಿವಬಸವ್ವನ ಸೆರಗಿಗೆ ಒರೆಸಿ ಹಾಕಿದರು. ಕೊನೆಗೆ ಹುಸೇನಬಾಷಾ ಶಶಿಕುಮಾರನ ಮುಖ ನೋಡಿದ. ಅವನು ಕಣ್ಣು ಮುಚ್ಚಿ ಹೂಂ ಎಂದು ಗೋಣು ಹಾಕಿದ. ಮೂರನೆಯ ಸಲ ಒತ್ತಿದ್ದೂ ಆಯಿತು.

ಬೆನ್ನ ಹಿಂದೆ ಅವನ ಮನೆಯ ಬಾಗಿಲು ಕಿರ್ರೆಂದಿತು.

"ರೀ, ಇಲ್ಲೇ ಇದ್ದೀರಿ? ನಾ ಹಿತ್ತಲ ಬಾಗಲದಿಂದ ಬಂದು ಆಗಲೇ ಎಷ್ಟೊತ್ತಾತು" ಎಂದಳು ನೀಲಾ. ಅವಳ ಕೈಯಲ್ಲಿ ಅವನ ಫೋನಿತ್ತು, ಮುಖದಲ್ಲಿ ಬಹುಮಾನ ಗೆದ್ದ ಕಳೆ. "ಇವತ್ತ ನಿಮ್ಮ ಪುಣ್ಯಾ ಛಲೋ ಇತ್ತು. ನಾ ಇಲ್ಲಂದ್ರ ದೊಡ್ಡ ಮೋಸಕ್ಕ ಸಿಗ್ತಿದ್ರಿ."

"ಏನಾತು?" ಎಂದು ಕೇಳಿದ ದನಿ ತನ್ನದೇ ಎಂದು ಶಶಿಕುಮಾರನಿಗೆ ಗೊತ್ತಾಗಲಿಲ್ಲ.

"ಮೊದಲ, ನಿಮ್ಮ ಆಧಾರಿನ ಮೊಬೈಲ್ ನಂಬರ್ ಬದಲಿ ಆಗೈತಿ ಅಂತ ಬಂತು. ಆಮ್ಯಾಲ ಒಂದರ ಹಿಂದ ಒಂದು, ಮೂರು ಸಲ ಆರಾರು ಅಂಕಿ. ತೆರಿಗಿ ಅಂತ, ರಿಟರ್ನ್ ಅಂತ. ಇವತ್ತಿನ ತರಬೇತ್ಯಾಗ ಇದನ್ನ ಹೇಳಿಕೊಟ್ರು ನೋಡ್ರಿ. ಎರಡ ಸಲ ಹೇಳಿದ್ನಲ್ಲ, ಸೈಬರ್ ಮೋಸದ ತರಬೇತಿ ಅಂತ. ಬಂದ ಬಂದಂಗ ಅಳಿಸಿಬಿಟ್ಟೆ."

ಹುಸೇನಬಾಷಾ ಮತ್ತೊಮ್ಮೆ ಗುಂಡಿ ಒತ್ತಿ ನೋಡಿದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು: ಇಂದಿನ ಪ್ರಯತ್ನಗಳು ಮುಗಿದಿವೆ, ಇಪ್ಪತ್ನಾಲ್ಕು ಗಂಟೆಗಳ ನಂತರ ಮತ್ತೆ ಯತ್ನಿಸಿ. ಹುಸೇನಬಾಷಾ ಲ್ಯಾಪ್‌ಟಾಪನ್ನು, ತೀರಿಕೊಂಡವರ ಕಣ್ಣು ಮುಚ್ಚಿದಷ್ಟು ಮೆಲ್ಲಗೆ ಮುಚ್ಚಿದ. ಒಂದು ತಿಂಗಳು ಆಗಬಹುದು ಎಂದಿದ್ದ ಕೆಲಸವನ್ನು ಸರಕಾರ ಜೀವಮಾನದಲ್ಲಿ ಒಂದೇ ಸಲ, ಅದೂ ಅವನೊಬ್ಬನಿಗಾಗಿ, ಅದೇ ದಿನ ಮುಗಿಸಿಕೊಟ್ಟಿತ್ತು.

ಕಾಕಾ ಬಾಯಿ ತೆರೆದರು. ಶಿವಬಸವ್ವ ಅವರ ಕಾಲು ತುಳಿದಳು. ಒಂದು ವರ್ಷದ ಕರೆನ್ಸಿ ಉಂಡ ಋಣ ಅದು.

"ಛಲೋ ಮಾಡಿದಿ ನೀಲಾ" ಎಂದ ಶಶಿಕುಮಾರ. ಬೇರೇನನ್ನಾದರೂ ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಹುಸೇನಬಾಷಾ ಅವನ ಕಿವಿಯ ಬಳಿ ಬಾಗಿ, ದಂಡದ ಐದು ಸಾವಿರವನ್ನು ಲಗೂ ತುಂಬಿಬಿಡಿ, ಇಲ್ಲದಿದ್ದರೆ ಬಡ್ಡಿಯೂ ಸೇರುತ್ತದೆ ಎಂದು ಉಸುರಿ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ಹೊರಟ. ಹೊಸ ಖಾತೆಯಲ್ಲಿ ಇದ್ದದ್ದು, ತೆರೆಯುವಾಗ ಹಾಕಿದ್ದ ಐದುನೂರು. ಹಳೆಯ ಖಾತೆಯ ಪಾಸ್‌ವರ್ಡು ಎದುರಿಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿತ್ತು.

"ನೀಲಾ, ಒಂದ್ ಐದು ಸಾವಿರ ಬೇಕಾಗಿತ್ತು" ಎಂದ ಅವನು.

"ಯಾಕ ಬೇಕು?"

ಶಿವಬಸವ್ವನ ಪ್ರಶ್ನೆಯೇ, ದನಿ ಮಾತ್ರ ಬೇರೆ. ಇಡೀ ದಿನ ಸುಳ್ಳು ಕಟ್ಟಿ ಸೋತಿದ್ದ ತಲೆಗೆ ಹೊಸದೊಂದೂ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಅವನ ಒಳಗೆ ಇದ್ದ ಒಂದೇ ಒಂದು ಖರೇ ಮಾತು.

"ಒಂದ್ ಕುರ್ಚಿ ತಗೋಬೇಕಂತ ಮಾಡೇನಿ. ಆರಾಮ ಕೂರಾಕ."

ನೀಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಎಡಕ್ಕೆ ಶಿವಬಸವ್ವನನ್ನು, ಬಲಕ್ಕೆ ಮಹಾಂತಯ್ಯ ಕಾಕಾನನ್ನು ಇಟ್ಟುಕೊಂಡು, ಅವಳತ್ತ ತಿರುಗಿ ಗೋಡೆಗೆ ಒರಗಿ, ಕಾಲುಗಳನ್ನು ಮುಂದಕ್ಕೆ ಚಾಚಿ ಬಿದ್ದಿದ್ದ.

"ಕುರ್ಚಿ ಯಾಕ?" ಎಂದಳು ಅವಳು, ಒಳಗೆ ಹೋಗಲು ತಿರುಗುತ್ತ. "ಕಟ್ಟಿ ಮ್ಯಾಲೆ ಇಷ್ಟ್ ಆರಾಮ ಕುಂತೀರಲ್ಲ."