ಅಟ್ಟ ಹತ್ತಿದ ಬ್ಯಾಕಪ್ಪು

ಕಂಪ್ಯೂಟರ್ ತಾನಾಗಿ ಕೆಡೋದು ಅಪರೂಪ ಕಣ್ರೀ, ಕೆಡಿಸೋರು ಮಾತ್ರ ದಿನಾ ಸಿಗ್ತಾರೆ. ತಿಪಟೂರಿನಲ್ಲಿ ಕೊಬ್ಬರಿ ಹರಾಜನ್ನ ಮೊಬೈಲಿನಲ್ಲೇ ನಡೆಸೋ ಒಂದು ಕಂಪನಿಯ ಡೇಟಾಬೇಸ್ ನೋಡ್ಕೊಳ್ಳೋ ಕೆಲಸ ನನ್ನದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಒಂದೊಂದು ಸರ್ವರ್. ಒಂದರಲ್ಲಿ ಬರೆದದ್ದು ಉಳಿದೆರಡಕ್ಕೂ ನಕಲಾಗುತ್ತೆ. ಸೇರಿದ ದಿನವೇ ಕಂಪನಿ ಯಜಮಾನ್ರು ಹೇಳಿದ್ರು: "ಹರಾಜಿನ ದಿನ ಏನಾರ ಇದು ನಿಂತೋದ್ರೆ, ನೀನು ಮನೆಗೆ ಹೋಗ್ಬೋದು ಕಣಯ್ಯ." ನನಗೂ ಹೆಂಡತಿ ಮಕ್ಕಳಿದಾರೆ, ಹೂಂ ಅಂದೆ.

೧. ಹೋದ್ಸಲದಷ್ಟೇ

ನಮ್ಮದು ನೋಎಸ್‌ಕ್ಯೂಎಲ್ ಡೇಟಾಬೇಸ್. ಇಂಥ ಕಡೆ ಇಂಥದ್ದೇ ತುಂಬಬೇಕು ಅನ್ನೋ ಕಟ್ಟುಪಾಡು ಅದಕ್ಕಿಲ್ಲ, ಕೊಟ್ಟಿದ್ದನ್ನೆಲ್ಲ ನುಂಗುತ್ತೆ. ಕಟ್ಟುಪಾಡು ನಾವೇ ಹಾಕ್ಕೋಬೇಕು. ರೈತರ ಒಂದೊಂದು ಲಾಟಿನ, ಅಂದ್ರೆ ಹರಾಜಿಗಿಟ್ಟ ರಾಶಿಯ, ವಿವರ ತುಂಬೋರು ಊರೂರಿನ ನಮ್ಮ ಏಜೆಂಟರು. "ಏಜೆಂಟರಿಗೆ ತೊಂದ್ರೆ ಕೊಡಬ್ಯಾಡ, ಹೆಂಗಾದ್ರೂ ತುಂಬ್ಲಿ ಬುಡು" ಅಂದ್ರು ಯಜಮಾನ್ರು.

ತುಂಬಿದ್ರು! ಹತ್ತು ಚೀಲಕ್ಕಿಂತ ಹೆಚ್ಚಿರೋ ಲಾಟ್ ತೋರ್ಸು ಅಂದ್ರೆ ಪರದೆ ಖಾಲಿ. ನೋಡಿದ್ರೆ, ಚೀಲ ಎಷ್ಟು ಅನ್ನೋ ಜಾಗದಲ್ಲಿ ಯಾರೂ ಅಂಕಿನೇ ಹಾಕಿಲ್ಲ, ಒಬ್ಬ "ಸುಮಾರಾಗೈತೆ" ಅಂತ ಬರೆದಿದಾನೆ. ಕಂದಿಕೆರೆ ಏಜೆಂಟು "ಹೋದ್ಸಲದಷ್ಟೇ" ಅಂತ. ಫೋನ್ ಮಾಡಿ ಗದರಿದೆ.

"ಹೋದ್ಸಲ ಎಷ್ಟಿತ್ರೀ?"

"ಅದರ ಹಿಂದಿನ ಸಲದಷ್ಟೇ ಕಣ್ರೀ."

೨. ಒಂದು ಲಾಟು, ಎರಡು ಟೆಂಪೋ

ವ್ಯಾಪಾರಿ ಮೊಬೈಲಿನಲ್ಲಿ ರೇಟು ಹಾಕಿ ಬಿಡ್ ಒತ್ತಿದ ತಕ್ಷಣ "ಆಯ್ತು" ಅಂತ ಬರ್ಬೇಕು ಅನ್ನೋದು ಯಜಮಾನ್ರ ಹಟ. ನಾನಂದೆ, "ಮೂರೂ ಸರ್ವರು ಒಂದನ್ನೊಂದು ಕೇಳ್ಕೊಂಡು ಹೇಳಿದ್ರೆ ತಡ, ಆದ್ರೆ ಖಚಿತ. ಕೇಳದೆ ಹೇಳಿದ್ರೆ ಬೇಗ, ಆದ್ರೆ ಎಡವಟ್ಟಾಗ್ಬೋದು. ಯಾವ್ದು ಬೇಕು ಸಾರ್?"

"ಎರಡೂ" ಅಂದ್ರು. ವಾದ ಮಾಡಿ ಮಾಡಿ ಕೊನೆಗೆ ಬೇಗದ್ದೇ ಗೆದ್ದಿತು.

ಮುಂದಿನ ಹರಾಜಿನ ದಿನ ಕಿಬ್ಬನಹಳ್ಳಿ ಹತ್ರ ರಸ್ತೆ ಅಗೆಯೋರು ಕೇಬಲ್ ಕಡಿದು ಹಾಕಿದ್ರು. ಸರ್ವರ್‌ಗಳ ನಡುವೆ ಮಾತುಕತೆ ಬಂದ್. ಬಿಳಿಗೆರೆ ರೈತ ಗೌಡ್ರೊಬ್ಬರ ಲಾಟನ್ನ ತಿಪಟೂರು ಸರ್ವರು ಒಬ್ಬ ವ್ಯಾಪಾರಿಗೆ, ತುರುವೇಕೆರೆ ಸರ್ವರು ಇನ್ನೊಬ್ಬರಿಗೆ ಮಾರಿಬಿಟ್ಟವು. ಇಬ್ಬರೂ ಟೆಂಪೋ ತಂದು ಗೌಡ್ರ ಮನೆ ಮುಂದೆ ಜಗಳಕ್ಕೆ ನಿಂತ್ರು. ನಾನು ಬೈಕಿನಲ್ಲಿ ಓಡಿದೆ. "ತಪ್ಪಾಯ್ತು ಗೌಡ್ರೇ, ನಾಳೆನೇ ಸರಿ ಮಾಡ್ತೀನಿ" ಅಂತ ಕೈ ಮುಗಿದೆ.

ಗೌಡ್ರು ಜಗಲಿ ಮೇಲೆ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ರು. "ಸರಿ ಯಾಕ್ ಮಾಡ್ತೀರಾ ಬುಡಿ ಸ್ವಾಮಿ! ಇಬ್ರೂ ರೇಟು ಏರಿಸ್ತಾವ್ರೆ."

೩. ಅಟ್ಟದ ಮೇಲಿನ ಡಿಸ್ಕು

"ಸರ್ವರ್‌ಗಳು ದೂರ ದೂರ ಇರೋದಕ್ಕೇ ಈ ರಾದ್ಧಾಂತ" ಅಂತ ಯಜಮಾನ್ರು ಮೂರನ್ನೂ ತಂದು, ತಮ್ಮ ಕೊಬ್ಬರಿ ಮಂಡಿಯ ಹಿಂದಿನ ಕೋಣೆಯಲ್ಲಿ ಒಂದೇ ಸ್ವಿಚ್ ಬೋರ್ಡಿಗೆ ಸಿಕ್ಕಿಸಿದ್ರು. ಒಂದು ಸತ್ರೆ ಇನ್ನೊಂದು ಬದುಕ್ಲಿ ಅಂತ್ಲೇ ದೂರ ಇಟ್ಟಿದ್ದು ಅಂತ ಬಡ್ಕೊಂಡೆ. ಯಾರು ಕೇಳ್ತಾರೆ? ಹರಾಜಿನ ದಿನವೇ ಅವರ ತಮ್ಮ ಅದೇ ಬೋರ್ಡಿಗೆ ಕಾಯಿ ಸುಲಿಯೋ ಯಂತ್ರ ಹಾಕಿದ. ಢಬ್ ಅಂತು. ಮೂರೂ ಸರ್ವರು ಒಟ್ಟಿಗೇ ಸುಟ್ಟು ಹೋದವು. ಕೆಲಸ ಹೋಯ್ತಲ್ಲಪ್ಪಾ ಅಂದ್ಕೊಂಡೆ.

"ಹೆದರಬ್ಯಾಡ ಕಣಯ್ಯ, ನೀನು ಕೊಟ್ಟಿದ್ದ ಬ್ಯಾಕಪ್ ಡಿಸ್ಕು ಅಟ್ಟದ ಮೇಲೈತೆ" ಅಂದ್ರು ಯಜಮಾನ್ರು.

ಅದನ್ನ ಕೊಟ್ಟು ಒಂಬತ್ತು ತಿಂಗಳಾಗಿತ್ತು. "ತಿಂಗಳಿಗೊಮ್ಮೆ ತೆಗೆದು ನೋಡೋಣ, ಹೊಸದನ್ನ ತುಂಬೋಣ" ಅಂದಿದ್ದಕ್ಕೆ, "ಅಟ್ಟಕ್ಕೆ ಹಾಕಿದ ಕಾಯಿನ ಒಣಗಿ ಕೊಬ್ಬರಿ ಆಗೋವರ್ಗೂ ಹನ್ನೊಂದು ತಿಂಗಳು ಯಾರಾದ್ರೂ ಮುಟ್ತಾರೇನಯ್ಯ?" ಅಂತ ನನ್ನ ಬಾಯಿ ಮುಚ್ಚಿಸಿದ್ರು. ನಾನೂ ಸೋಮಾರಿ, ಸುಮ್ಮನಾಗಿದ್ದೆ. ಹಳೇದಾದ್ರೂ ಸರಿ, ರೈತರ ಹೆಸರಾದ್ರೂ ಬರ್ಲಿ ಅಂತ ಈಗ ದೇವರನ್ನ ನೆನೆದೆ.

ಯಜಮಾನ್ರು ಏಣಿ ಹತ್ತಿ, ಕಾಯಿ ರಾಶಿ ಸರಿಸಿ, ಅಡೀಲಿ ಸಿಕ್ಕಿಕೊಂಡಿದ್ದ ಡಿಸ್ಕು ಎಳೆದ್ರು. ನಮ್ಮ ಕಡೆ ಅಟ್ಟದ ಕಾಯಿನ ಕಿವಿ ಹತ್ರ ಅಲ್ಲಾಡಿಸಿ ನೋಡ್ತಾರೆ, ಒಳಗೆ ಗಡಗಡ ಅಂದ್ರೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಕೊಂಡಿದೆ ಅಂತ ಅರ್ಥ. ಡಿಸ್ಕನ್ನೂ ಹಂಗೇ ಕಿವಿಗಿಟ್ಟು ಅಲ್ಲಾಡಿಸಿದ್ರು. ಗಡಗಡ ಅಂತು. ಒಳಗೆ ಏನೋ ಮುರಿದಿದೆ ಅಂತ ನನಗೆ ಗೊತ್ತಾಯ್ತು, ಅವರ ಮುಖ ಮಾತ್ರ ಅರಳಿತು.

"ಚೆನ್ನಾಗಿ ಒಣಗೈತೆ ಕಣಯ್ಯ, ಹಾಕು!"

ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪಿಗೆ ಹಾಕಿದೆ. ಏನೂ ಬರಲಿಲ್ಲ. ಮೊಬೈಲಿನಲ್ಲಿ ಹರಾಜು ನಿಂತಿದ್ದಕ್ಕೆ ಮಂಡಿಗೇ ಬಂದಿದ್ದ ವ್ಯಾಪಾರಿಗಳು ಹೊರಗೆ ಚೀಟಿ ಬರೆದು ಹರಾಜು ಶುರು ಮಾಡೇಬಿಟ್ರು. ನಾನು ಬ್ಯಾಗು ಹೆಗಲಿಗೆ ಹಾಕ್ಕೊಂಡು ತೆಪ್ಪಗೆ ಬಾಗಿಲ ಕಡೆ ನಡೆದೆ.

ಯಜಮಾನ್ರು ಬಂದು ನನ್ನ ಕೈ ಹಿಡಿದ್ರು. "ಎಲ್ಲಿಗೆ ಹೊಂಟೆ? ನಿನ್ನ ತಪ್ಪಲ್ಲ ಬುಡಯ್ಯ. ಇನ್ನೂ ಎರಡು ತಿಂಗಳು ಬಿಡಬೇಕಿತ್ತು, ನಾನೇ ಅವಸರಪಟ್ಟು ಇಳಿಸ್ಬಿಟ್ಟೆ."