ಬಚ್ಚಲಿಂದ ಹೊರಟ ವಿಮಾನ

ಕಣ್ಣಿಗೆ ಸಾಬೂನು ಹೋಗದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಆಗ ದುಬಾಯಿಗೆ ಮೆಟ್ರೋ ಬಂದಿರಲಿಲ್ಲ. ಮಂಗಳೂರಿಗೆ ನೇರ ವಿಮಾನವೂ ಇರಲಿಲ್ಲ. ಊರಿಗೆ ಹೋಗುವವರು ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಬಸ್ಸು ಹತ್ತಿ, ಸೊಂಟ ಹಿಡಿದುಕೊಂಡು ಮನೆ ಸೇರುವ ಹೊತ್ತಿಗೆ ಪೆಟ್ಟಿಗೆಯೊಳಗೆ ಚಾಕಲೇಟು ಕರಗಿ ಸಾಬೂನಿಗೆ ಅಂಟಿಕೊಂಡಿರುತ್ತಿತ್ತು. ಮಕ್ಕಳು ಅದನ್ನೇ ನೆಕ್ಕಿ, ದುಬಾಯಿ ಚಾಕಲೇಟೆಂದರೆ ಹೀಗೇ ಪರಿಮಳ ಎಂದುಕೊಳ್ಳುತ್ತಿದ್ದವು.

ಕಿನ್ನಿಗೋಳಿಯ ಲಿಡ್ವಿನ್ ಇದ್ದದ್ದು ಅಲ್ ಕುಸೈಸಿನಲ್ಲಿ, ಮೈಸೂರಿನ ಶಾಮಸುಂದರ ಮತ್ತು ಶಾರದಮ್ಮ ಗಂಡಹೆಂಡತಿಯ ಫ್ಲ್ಯಾಟಿನ ಒಂದು ಕೋಣೆಯಲ್ಲಿ. ಶಾಮಸುಂದರ ಹಗಲಿಗೆ ಅಕೌಂಟೆಂಟು, ಸಂಜೆಗೆ ಕನ್ನಡ ಸಂಘದ ಕಾರ್ಯದರ್ಶಿ. ಮನೆಗೆ ಬಚ್ಚಲು ಒಂದೇ. ಹಾಗಾಗಿ ಬೆಳಿಗ್ಗೆ ಆ ಮನೆಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು, "ಆಯ್ತಾ?"

ಲಿಡ್ವಿನ್‌ಗೆ ಒಂದು ಏರ್‌ಲೈನ್ಸಿನ ಆಫೀಸಿನಲ್ಲಿ ಕೆಲಸ. ಯಾವ ಊರಿಗೆ ಹೊಸದಾಗಿ ವಿಮಾನ ಬಿಡಬೇಕೆಂದು ತೀರ್ಮಾನಿಸುವ ವಿಭಾಗ ಅದು. ಗೋಡೆಯ ತುಂಬ ಏಷ್ಯಾದ ನಕ್ಷೆ. ಆ ವರ್ಷಗಳಲ್ಲಿ ಅದರ ಮೇಲೆ ಕೆಂಪು ಪಿನ್ನುಗಳು ಬೆವರುಸಾಲೆಯ ಹಾಗೆ ಎದ್ದವು. ಕೊಚ್ಚಿ, ಢಾಕಾ, ಕೊಲಂಬೊ, ಮನಿಲಾ, ಚೀನಾದಲ್ಲಿ ಬಾಯಿ ತಿರುಗದ ಊರುಗಳು. ಪಿನ್ನು ಚುಚ್ಚುವವರು ದೊಡ್ಡ ಮ್ಯಾನೇಜರು, ಈಜಿಪ್ಟಿನ ಹಿಶಾಮ್ ಸಾಹೇಬರು. ಪಿನ್ನಿನ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವವನು ಲಿಡ್ವಿನ್. ಆದರೆ ಅಲ್ ಕುಸೈಸಿನ ಕನ್ನಡಿಗರ ಬಾಯಲ್ಲಿ ಅವನು 'ವಿಮಾನಕ್ಕೆ ದಾರಿ ಹಾಕುವವನು' ಆಗಿಬಿಟ್ಟಿದ್ದ. ಅಲ್ಲ ಎಂದು ಹೇಳಿ ಹೇಳಿ ಅವನಿಗೂ ಸಾಕಾಗಿತ್ತು. ಹೇಳದೆ ಇದ್ದರೆ ಮರ್ಯಾದೆಯೂ ಸ್ವಲ್ಪ ಜಾಸ್ತಿ ಸಿಗುತ್ತಿತ್ತು.

ಆ ಗುರುವಾರ ಅವನು ಬಹಳ ಖುಷಿಯಲ್ಲಿದ್ದ. ಮದುವೆಯಾಗಿ ಐದು ವರ್ಷ; ಹೆಂಡತಿ ಜೂಡಿತ್ ಮಂಗಳೂರಿನಲ್ಲಿ ನರ್ಸು, ಇವನು ಇಲ್ಲಿ. ರಜೆಯಲ್ಲಿ ನೋಡಿದ ಮುಖ, ಉಳಿದದ್ದೆಲ್ಲ ಟೆಲಿಫೋನ್ ಕಾರ್ಡು. ಈಗ ಅವಳಿಗೆ ದುಬಾಯಿಯ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕಿ, ಮೂರು ವರ್ಷದ ಎಗ್ರಿಮೆಂಟಿಗೆ ಸೈನೂ ಬಿದ್ದು, ಮುಂದಿನ ವಾರ ಬರುವವಳಿದ್ದಳು. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ. ಅದನ್ನೇ ನೆನೆಸಿಕೊಂಡು ಹಾಡುತ್ತ ತಲೆಗೆ ಸಾಬೂನು ಹಚ್ಚಿದ. ಸಾಬೂನು ಕಣ್ಣಿಗೆ ಹೋಯಿತು.

ಹೊರಗೆ ಶಾಮಸುಂದರರಿಗೆ ಫೋನು. ಕೆಳಗಿನ ಗ್ರೋಸರಿ ಅಂಗಡಿಯ ಇದಿನಬ್ಬ. "ಸಾರ್, ಮಂಗಳೂರು ಡೈರೆಕ್ಟ್ ಎಂತ ಆಯ್ತು? ನಿಮ್ಮ ಮನೆಯಲ್ಲೇ ಉಂಟಲ್ಲ ಜನ, ಒಮ್ಮೆ ಕೇಳಿ."

ಶಾಮಸುಂದರರು ಬಚ್ಚಲ ಬಾಗಿಲು ತಟ್ಟಿದರು. "ಲಿಡ್ವಿನ್, ಮಂಗಳೂರು ಡೈರೆಕ್ಟು ಆಯ್ತೇನ್ರೀ?"

ನೀರಿನ ಸದ್ದಿನಲ್ಲಿ ಲಿಡ್ವಿನ್‌ಗೆ ಕೇಳಿಸಿದ್ದು ಕೊನೆಯ 'ಆಯ್ತೇನ್ರೀ' ಮಾತ್ರ. ಸ್ನಾನಕ್ಕೆ ಅವಸರ ಮಾಡುತ್ತಿದ್ದಾರೆ ಎಂದುಕೊಂಡ.

"ಆಯ್ತು ಆಯ್ತು," ಎಂದು ಕೂಗಿದ. "ಎಲ್ಲ ಆಯ್ತು ಮಾರಾಯ್ರೆ. ಇನ್ನು ಹೊರಗೆ ಬರ್ಲಿಕ್ಕೆ ಮಾತ್ರ ಬಾಕಿ."

ಶಾಮಸುಂದರರು ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. "ಇದಿನಬ್ಬಾ, ಎಲ್ಲ ಆಗಿದೆಯಂತೆ ಕಣಯ್ಯ. ಸುದ್ದಿ ಹೊರಗೆ ಬರೋದೊಂದೇ ಬಾಕಿಯಂತೆ."

ಹೊರಗೆ ಬರುವುದಕ್ಕೆ ಸುದ್ದಿಗೆ ಲಿಡ್ವಿನ್‌ನಷ್ಟು ಹೊತ್ತು ಬೇಕಾಗಲಿಲ್ಲ.

ಅವನು ಮೆಟ್ಟಿಲಿಳಿದು ರಸ್ತೆಗೆ ಬಂದರೆ, ಇದಿನಬ್ಬ ಅಂಗಡಿಯಿಂದ ಓಡಿಬಂದು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೇ ಕರೆದು ತಬ್ಬಿಕೊಂಡ. "ಪೊರ್ಬುಗಳೇ, ನಿಮ್ಮ ಹೊಟ್ಟೆ ತಣ್ಣಗಿರಲಿ."

ಜೂಡಿತ್ ಬರುವ ವಿಷಯಕ್ಕೇ ಇರಬೇಕೆಂದು ಲಿಡ್ವಿನ್ ನಾಚಿಕೊಂಡ. "ಎಲ್ಲ ದೇವರ ದಯೆ ಇದಿನಬ್ಬಣ್ಣ."

"ಐದು ವರ್ಷ ಕಾಯಿಸಿದಿರಿ ನೀವು."

"ಎಂತ ಮಾಡುದು. ಈಗಾದರೂ ಆಯ್ತಲ್ಲ."

ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ಅಲ್ಲಿಗೆ ಇದ್ದ ಅನುಮಾನವೂ ಖಲಾಸ್. ಬಸ್‌ಸ್ಟಾಪಿನಲ್ಲಿ ಗುರುತಿಲ್ಲದ ಒಬ್ಬರು ಕೈಕುಲುಕಿ, "ಕಿಟಕಿ ಪಕ್ಕದ ಸೀಟು ನಿಮಗೆ ಹೇಳಿದರೆ ಆಗ್ತದಾ?" ಎಂದಾಗ ಮಾತ್ರ ಲಿಡ್ವಿನ್‌ಗೆ ಸ್ವಲ್ಪ ಗಲಿಬಿಲಿಯಾಯಿತು. ಬಸ್ಸಿನ ಸೀಟಿರಬೇಕು ಎಂದುಕೊಂಡು ಜಾಗ ಬಿಟ್ಟುಕೊಟ್ಟ.

ಆಫೀಸಿಗೆ ಹೋಗಿ ಕೂತದ್ದೇ ಶಾರದಮ್ಮನ ಫೋನು.

"ಲಿಡ್ವಿನ್, ನಿಮ್ಮ ತಲೆ ದೊಡ್ಡದೋ ಚಿಕ್ಕದೋ?"

"ಅಂದ್ರೆ?"

"ಸಂಘದಲ್ಲಿರೋದು ಒಂದೇ ಪೇಟ ಕಣಪ್ಪ. ಮೊದಲನೇ ಅಧ್ಯಕ್ಷರ ಅಳತೆಗೆ ಮಾಡ್ಸಿದ್ದು, ಅವರ ತಲೆ ಹಲಸಿನಹಣ್ಣು. ಒಳಗೆ ಹತ್ತಿ ಇಡಬೇಕಾ ಅಂತ ಕೇಳ್ದೆ. ಇವತ್ತು ಸಂಜೆ ವಾರ್ಷಿಕೋತ್ಸವದಲ್ಲಿ ನಿಮಗೇ ಸನ್ಮಾನ."

"ನನಗೆ ಯಾಕೆ?"

"ಇದೇ ನೋಡಿ ದೊಡ್ಡ ಗುಣ ಅನ್ನೋದು. ಮಂಗಳೂರಿಗೆ ಡೈರೆಕ್ಟ್ ಫ್ಲೈಟ್ ತಂದು ಯಾಕೆ ಅಂತೀರಲ್ಲ."

ಲಿಡ್ವಿನ್ ಕುರ್ಚಿಯಿಂದ ಎದ್ದ, ಮತ್ತೆ ಕೂತ. ಎದುರಿಗೆ ನಕ್ಷೆ. ಮಂಗಳೂರಿಗೆ ಪಿನ್ನಿಲ್ಲ. ಆ ಊರಿನ ಮಾತು ಬಂದಾಗಲೆಲ್ಲ ಹಿಶಾಮ್ ಸಾಹೇಬರು, "ಮ್ಯಾಂಗಳೂರ್, ಬ್ಯಾಂಗಳೂರ್, ಎರಡೂ ಒಂದೇ ಅಲ್ಲವೇ? ಒಂದಕ್ಕೆ ಹೋಗುತ್ತಿದ್ದೇವಲ್ಲ," ಎಂದು ಪಕ್ಕಕ್ಕೆ ತಳ್ಳಿದ್ದರು. ಶನಿವಾರದ ಮೀಟಿಂಗಿನಲ್ಲಿ ಮತ್ತೊಮ್ಮೆ ತಳ್ಳುವವರಿದ್ದರು. ಅದಕ್ಕಿಂತ ದೊಡ್ಡದು ಇನ್ನೊಂದು. ಹೊಸ ದಾರಿಯ ಮಾತು ಆಫೀಸಿನಿಂದ ಹೊರಗೆ ಹೋಗಕೂಡದು. ಹೊರಗೆ ಬಿಟ್ಟವನ ವೀಸಾ ಕ್ಯಾನ್ಸಲ್. ಹಾಗಾದರೆ ಮುಂದಿನ ವಾರ ಜೂಡಿತ್ ಇಲ್ಲಿ ಇಳಿಯುತ್ತಾಳೆ, ತಾನು ಅಲ್ಲಿ ಇಳಿಯುತ್ತೇನೆ.

ಶಾಮಸುಂದರರಿಗೆ ಫೋನು ಹಚ್ಚಿದ. "ಸಾರ್, ಫ್ಲೈಟಿನ ಸುದ್ದಿ ಯಾರು ಹೇಳಿದ್ದು ನಿಮಗೆ?"

"ನೀವೇ ಹೇಳಿದ್ರಲ್ರೀ, ಬಚ್ಚಲಲ್ಲಿ."

"ನಾನು ಹೇಳಿದ್ದು ಸ್ನಾನ ಆಯ್ತು ಅಂತ ಸಾರ್."

ಶಾಮಸುಂದರರು ನಕ್ಕರು. "ಅರ್ಥವಾಯ್ತು ಬಿಡಿ, ಆಫೀಸಿಂದ ಮಾತಾಡ್ತಿದ್ದೀರಿ, ಪಕ್ಕದಲ್ಲಿ ಯಾರೋ ಇದ್ದಾರೆ. ಒಂದು ಒಳ್ಳೇ ವಿಷಯ ಕೇಳಿ. ನಿಮ್ಮ ಸಾಹೇಬರನ್ನೂ ಮುಖ್ಯ ಅತಿಥಿ ಅಂತ ಕರೆದಿದ್ದೀನಿ. ಬರ್ತೀನಿ ಅಂದ್ರು."

"ಯಾತಕ್ಕೆ ಅಂತ ಹೇಳಿದ್ದೀರಾ ಅವರಿಗೆ?"

"ನಿಮಗೆ ಸನ್ಮಾನ ಅಂದೆ. ನಮ್ಮ ಆಫೀಸಿನಲ್ಲಿ ಡಬ್ಬಿ ಹಿಡಿಯುತ್ತಾನಲ್ಲ, ಆ ಲಿಡ್ವಿನ್ನಾ ಅಂತ ಎರಡು ಸಲ ಕೇಳಿದ್ರು. ಎಷ್ಟು ಸರಳ ಜನ ನೋಡಿ, ಡಬ್ಬಿ ಅಂತಾರೆ."

ಸಂಜೆ ಶಾಲೆಯ ಸಭಾಂಗಣದ ಬಾಗಿಲಲ್ಲಿ ಲಿಡ್ವಿನ್ ಕಾದು ನಿಂತ. ಸಾಹೇಬರ ಕಾರು ಬಂದ ತಕ್ಷಣ ಕಾಲು ಹಿಡಿದಾದರೂ ವಾಪಸು ಕಳಿಸುವುದೆಂದು ಅವನ ಲೆಕ್ಕಾಚಾರ. ಆದರೆ ಇದಿನಬ್ಬನ ಹೆಂಡತಿ ನಫೀಸಮ್ಮ ಅವನನ್ನು ಹಿಡಿದುಕೊಂಡಳು. ಅವಳ ಹಿಂದೆ ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ, ಕರುವಿನಷ್ಟು ದೊಡ್ಡದು.

"ಮಗಳಿಗೆ ಇದೀಗ ಏಳನೇ ತಿಂಗಳು ಲಿಡ್ವಿನ್. ಬೊಂಬಾಯಿ ಬಸ್ಸಿನಲ್ಲಿ ಕಳಿಸಿದರೆ ಎಲ್ಲ ಪುಡಿ. ಮೊದಲನೇ ವಿಮಾನಕ್ಕೇ ಹಾಕಿಸಿ ಆಯ್ತಾ?"

ಬಾಯಿಗೆ ಬಂದ 'ಆಯ್ತು' ಎಂಬ ಮಾತನ್ನು ಲಿಡ್ವಿನ್ ಹಲ್ಲು ಕಚ್ಚಿ ತಡೆದ. ಅವಳ ಹಿಂದೆ ಇನ್ನೊಂದು ಪೆಟ್ಟಿಗೆ, ಅದರ ಹಿಂದೆ ಮತ್ತೊಂದು. ಜನ ವಾರ್ಷಿಕೋತ್ಸವಕ್ಕೆ ಬಂದಿದ್ದಾರೋ ಚೆಕ್‌ಇನ್ನಿಗೆ ಬಂದಿದ್ದಾರೋ ತಿಳಿಯುವಂತಿರಲಿಲ್ಲ. ಅಬುಧಾಬಿಯಿಂದಲೂ ವ್ಯಾನು ಮಾಡಿಕೊಂಡು ಬಂದಿದ್ದರು. ಪೆಟ್ಟಿಗೆ ದಾಟಿ ದಾಟಿ ಅವನು ಒಳಗೆ ಮುಟ್ಟುವಷ್ಟರಲ್ಲಿ ಹಿಶಾಮ್ ಸಾಹೇಬರು ಮೊದಲ ಸಾಲಿನಲ್ಲಿ, ಶಾರದಮ್ಮನ ಪಕ್ಕದಲ್ಲಿ ಕೂತಾಗಿತ್ತು. ಮುಖ ಫ್ರೀಜರಿನಿಂದ ಆಗಷ್ಟೇ ತೆಗೆದ ಮೀನಿನ ಹಾಗಿತ್ತು.

"ಲಿಡ್ವಿನ್," ಎಂದರು ಮೆಲ್ಲಗೆ, "ನಾನು ಯಾವುದೋ ವಿಮಾನ ಬಿಟ್ಟಿದ್ದೇನಂತೆ. ನನಗೇ ಗೊತ್ತಿಲ್ಲ. ಆಮೇಲೆ ಮಾತಾಡೋಣ."

ಅಷ್ಟರಲ್ಲಿ ನಾಲ್ಕು ಜನ ಅವನನ್ನು ವೇದಿಕೆಗೆ ಎತ್ತಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು, ಪೇಟ ತೊಡಿಸಿದರು. ಶಾರದಮ್ಮ ಹತ್ತಿ ಇಡುವುದನ್ನು ಮರೆತಿದ್ದರು. ಪೇಟ ಕಿವಿ ದಾಟಿ ಹುಬ್ಬಿನ ಮೇಲೆ ಕೂತಿತು.

ಮೈಕು ಕೈಗೆ ಬಂದಾಗ ಲಿಡ್ವಿನ್ ನಿಜ ಹೇಳಿಬಿಡಲು ತೀರ್ಮಾನಿಸಿದ. "ದಯವಿಟ್ಟು ಕೇಳಿ. ನಾನು ಎಂತದ್ದೂ ಮಾಡ್ಲಿಲ್ಲ."

ಚಪ್ಪಾಳೆ.

"ಸತ್ಯವಾಗಿಯೂ ನನ್ನದು ಏನೂ ಇಲ್ಲ ಇದರಲ್ಲಿ."

ಇನ್ನೂ ದೊಡ್ಡ ಚಪ್ಪಾಳೆ. ಇದಿನಬ್ಬ ಕಣ್ಣೊರಸಿಕೊಂಡ. "ನಮ್ಮೂರಿನ ಮಂತ್ರಿಗಳು ಇದನ್ನೊಮ್ಮೆ ಕೇಳಬೇಕಿತ್ತು," ಎಂದ ಪಕ್ಕದವನಿಗೆ.

ಸಾಹೇಬರು ಎದ್ದು ಬಂದು ಮೈಕು ತೆಗೆದುಕೊಂಡರು. ಅವರು ಆಡಿದ ಇಂಗ್ಲಿಷನ್ನು ಶಾಮಸುಂದರರು ಕನ್ನಡ ಮಾಡಿದರು. "ನಿಮ್ಮಲ್ಲಿ ಎಷ್ಟು ಜನ ಈ ವಿಮಾನ ಹತ್ತುವವರು ಅಂತ ಕೇಳ್ತಿದ್ದಾರೆ."

ಸಭೆಯ ಕೈಗಳೆಲ್ಲ ಮೇಲೆದ್ದವು. ಕೆಲವರು ಎರಡೂ ಕೈ ಎತ್ತಿದ್ದರು.

"ಬರುವಾಗ ಏನು ತರ್ತೀರಿ ಅಂತಿದ್ದಾರೆ."

"ಮಲ್ಲಿಗೆ," ಎಂದಳು ನಫೀಸಮ್ಮ.

"ಬಸಳೆ, ಮಟ್ಟುಗುಳ್ಳ, ಒಣಮೀನು," ಎಂದ ಇದಿನಬ್ಬ. "ವಿಮಾನದ ಹೊಟ್ಟೆ ನನಗೊಬ್ಬನಿಗೇ ಸಾಲ್ಲಿಕ್ಕಿಲ್ಲ ಅಂತ ಹೇಳಿ."

ಹಿಶಾಮ್ ಸಾಹೇಬರು ಕೈಗಳನ್ನು ನೋಡಿದರು, ಬಾಗಿಲ ತನಕ ಒಟ್ಟಿದ್ದ ಪೆಟ್ಟಿಗೆಗಳನ್ನು ನೋಡಿದರು. ಮೀನಿನ ಮುಖದ ಮಂಜು ಕರಗಿತು. ಹತ್ತುವವರೇ ಇಲ್ಲ ಎಂದು ತಾವು ತಿಳಿದಿದ್ದ ಊರಿಗೆ, ಇಲ್ಲದ ವಿಮಾನಕ್ಕೆ, ಜನ ಲಗೇಜು ಸಮೇತ ಬಂದು ಕೂತಿದ್ದರು. ಇಷ್ಟು ವರ್ಷದಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ.

"ಶನಿವಾರ ಮಂಗಳೂರಿಗೆ ನಾನೇ ಪಿನ್ನು ಚುಚ್ಚುತ್ತೇನೆ," ಎಂದರು.

ಶಾಮಸುಂದರರು ಕನ್ನಡ ಮಾಡುವ ಮೊದಲೇ ಸಭೆ ಎದ್ದು ನಿಂತಿತು. ಶಿಳ್ಳೆ, ಡೋಲು, ಚಪ್ಪಾಳೆ. ಲಿಡ್ವಿನ್‌ನ ಕೆಲಸ ಉಳಿಯಿತು, ವೀಸಾ ಉಳಿಯಿತು, ಮುಂದಿನ ವಾರ ಜೂಡಿತ್. ಆ ಗದ್ದಲದ ನಡುವೆ ಸಾಹೇಬರು ಅವನತ್ತ ಬಾಗಿ ಏನೋ ಕೇಳಿದರು. ಪೇಟ ಕಿವಿಯನ್ನು ಮುಚ್ಚಿಕೊಂಡಿತ್ತು. ತುಟಿಯಷ್ಟೇ ಕಂಡಿತು, ಭುಜದ ಮೇಲೆ ಕೈ ಬಿತ್ತು. ಕೆಳಗೆ ಇಳಿಯೋಣವೇ ಎನ್ನುತ್ತಿರಬೇಕೆಂದು ಲಿಡ್ವಿನ್ ಸಂತೋಷದಿಂದ ತಲೆಯಾಡಿಸಿದ.

"ಆಯ್ತು ಆಯ್ತು."

ಸಾಹೇಬರು ಕೆಳಗಿದ್ದ ಶಾರದಮ್ಮನನ್ನು ಕೇಳಿದರು. "ಆಯ್ತು ಎಂದರೇನು?"

"ಡನ್ ಸಾರ್," ಎಂದರು ಶಾರದಮ್ಮ. "ಫಿನಿಶ್ಡ್."

"ಗುಡ್," ಎಂದು ಸಾಹೇಬರು ಮೈಕು ಹಿಡಿದು, ಜೀವನದಲ್ಲಿ ಮೊದಲ ಸಲ ಒಂದು ಕನ್ನಡ ಮಾತು ಆಡಿದರು. "ಲಿಡ್ವಿನ್, ಆಯ್ತು."

ಸಾಹೇಬರ ಪ್ರಶ್ನೆಯನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ಶಾಮಸುಂದರರು ಗಂಟಲು ಸರಿಮಾಡಿಕೊಂಡರು. "ಬಂಧುಗಳೇ, ಇನ್ನೊಂದು ಸಂತೋಷದ ಸುದ್ದಿ. ಮಂಗಳೂರಿನಲ್ಲಿ ಆಫೀಸು ತೆರೆಯೋದಕ್ಕೆ ಊರಿನ ಜನ ನಂಬೋ ಮನುಷ್ಯ ಬೇಕಂತೆ. ನಮ್ಮ ಲಿಡ್ವಿನ್ ಅವರೇ ಅಲ್ಲಿನ ಸ್ಟೇಷನ್ ಆಫೀಸರು. ಮೂರು ವರ್ಷ. ಮುಂದಿನ ವಾರವೇ ಹೊರಡೋದು. ಈಗಷ್ಟೇ ಒಪ್ಪಿಕೊಂಡರು."

ಲಿಡ್ವಿನ್ ಪೇಟವನ್ನು ಎರಡು ಕೈಯಲ್ಲಿ ಮೇಲೆತ್ತಿ ಎಲ್ಲರ ಮುಖ ನೋಡಿದ. ಎಲ್ಲರೂ ನಗುತ್ತಿದ್ದರು.

"ಡೈರೆಕ್ಟು ಶುರುವಾಗ್ಲಿಕ್ಕೆ ಇನ್ನೂ ಕೆಲವು ತಿಂಗಳು ಉಂಟಂತೆ," ಎಂದಳು ನಫೀಸಮ್ಮ, ಪೆಟ್ಟಿಗೆಯನ್ನು ಅವನ ಕಾಲ ಬುಡಕ್ಕೆ ನೂಕಿ. "ನೀವು ಹೇಗೂ ಬೊಂಬಾಯಿ ಮೇಲೆ ಹೋಗುವವರಲ್ಲವಾ. ಬಸ್ಸಿನಲ್ಲಿ ಇದನ್ನು ಮಡಿಲಲ್ಲಿ ಇಟ್ಟುಕೊಳ್ಳಿ, ಒಡೆಯುವ ಸಾಮಾನು."

ಕಿಸೆಯಲ್ಲಿ ಫೋನು ಕಂಪಿಸಿತು. ಜೂಡಿತ್.

"ನನ್ನ ಟಿಕೆಟ್ ಬಂತು, ಮುಂದಿನ ಗುರುವಾರ," ಎಂದಳು. ದನಿಯಲ್ಲಿ ಸಕ್ಕರೆಪಾಕ. "ಇಲ್ಲಿನ ಆಸ್ಪತ್ರೆ ಕೆಲಸಕ್ಕೂ ರಾಜೀನಾಮೆ ಕೊಟ್ಟಾಯ್ತು. ಅಲ್ಲಿ ಮನೆ ನೋಡಿ ಆಯ್ತಾ? ಎಲ್ಲ ತಯಾರಾಯ್ತಾ?"

ಲಿಡ್ವಿನ್ ಬಾಯಿ ತೆರೆದ. ಹುಟ್ಟಿದಾರಭ್ಯ ನಾಲಗೆಯ ತುದಿಯಲ್ಲೇ ಕೂತಿದ್ದ ಆ ಮಾತು ಹೊರಡಲು ಎದ್ದು ನಿಂತಿತ್ತು. ಅವನು ಅದನ್ನು ನುಂಗಿಕೊಂಡು, ಹಣ್ಣಿನ ಬುಟ್ಟಿಯನ್ನು ನಫೀಸಮ್ಮನ ಪೆಟ್ಟಿಗೆಯ ಮೇಲಿಟ್ಟು, ಸಣ್ಣ ದನಿಯಲ್ಲಿ ಹೇಳಿದ.

"ನೋಡುವ."